ಪ್ಯಾಟರ್ನ್ ಕಾರ್ಡ್ ಡಬ್ಬಿ: ಚಿತ್ರ ಮುಚ್ಚಿಟ್ಟರೆ ಚೆನ್ನಾಗಿದೆ

ಪೆನ್ನಿನಿಂದ ಪ್ಯಾಟರ್ನ್ ಬಿಡಿಸುವುದನ್ನು ಹಂತ ಹಂತವಾಗಿ ತೋರಿಸುವ ಕಾರ್ಡುಗಳ ಈ ಡಬ್ಬಿ ನನ್ನ ಹತ್ತಿರ ಬಂದು ಎರಡು ವರ್ಷದ ಮೇಲಾಯಿತು. ತಕರಾರು ಒಂದೇ, ಆದರೆ ಸಣ್ಣದಲ್ಲ. ಪ್ರತಿ ಕಾರ್ಡಿನ ಮುಂಬದಿಗೆ ಪೂರ್ತಿ ಮುಗಿದ ಚಿತ್ರವನ್ನೇ ಅಚ್ಚು ಹಾಕಿಬಿಟ್ಟಿದ್ದಾರೆ. ಅದೂ ಎಂಥ ಚಿತ್ರ! ಒಂದು ಗೆರೆಯೂ ಅಲುಗಿಲ್ಲ, ಎಲ್ಲೂ ಇಂಕು ಚೆಲ್ಲಿಲ್ಲ. ಬಿಡಿಸುವ ಹಂತಗಳು ಹಿಂಬದಿಗೆ, ಕಣ್ಣು ಕಿರಿದು ಮಾಡಿ ನೋಡುವಷ್ಟು ಸಣ್ಣದಾಗಿ ಇವೆ. ಮುಂಬದಿಯ ಚಿತ್ರ ನೋಡಿ ಪೆನ್ನು ಹಿಡಿದರೆ ಕೈ ತಾನಾಗಿಯೇ ನಕಲಿಗೆ ಇಳಿಯುತ್ತದೆ. ಕಣ್ಣು ಕಾರ್ಡಿಗೂ ಕಾಗದಕ್ಕೂ ಓಡಾಡುತ್ತಲೇ ಇರುತ್ತದೆ. ಮನಸ್ಸಿಗೆ ಸಮಾಧಾನ ಸಿಗಲಿ ಅಂತ ತಂದ ಡಬ್ಬಿ, ಪರೀಕ್ಷೆಗೆ ಕೂತ ಹಾಗೆ ಬೆವರಿಳಿಸುತ್ತದೆ.

ಇಷ್ಟಕ್ಕೆ ಇಷ್ಟು ಸಿಟ್ಟು ಯಾಕೆ ಅಂದರೆ, ನನ್ನ ಕೆಲಸ ಹಾಗಿದೆ. ನಾನು ಗದಗಿನಲ್ಲಿ ಡಿಟಿಪಿ ಮಾಡುವವನು. ಮುದ್ರಣ ಕಾಶಿ ಅಂತ ಹೆಸರು ಪಡೆದ ಊರು ಇದು, ಕೆಲಸಕ್ಕೆ ಕೊರತೆ ಇಲ್ಲ. ಲಗ್ನದ ಸೀಸನ್ ಬಂತೆಂದರೆ ಮುಂಜಾನೆಯಿಂದ ರಾತ್ರಿವರೆಗೆ ಲಗ್ನಪತ್ರಿಕೆಯೇ. ಗಿರಾಕಿ ಬರುತ್ತಾರೆ, ಯಾರದೋ ಮನೆಯ ಹಳೆ ಪತ್ರಿಕೆಯನ್ನು ಟೇಬಲ್ ಮೇಲೆ ಇಡುತ್ತಾರೆ. "ಇದರಂಗ ಮಾಡ್ರಿ, ಹೆಸರಷ್ಟ ಬದಲಿ ಮಾಡ್ರಿ." ಅದೇ ಬಾರ್ಡರ್, ಅದೇ ಗಣಪತಿ, ಅದೇ ಮಾವಿನ ತೋರಣ. ನಾನು ಹೊಸ ಬಾರ್ಡರ್ ಏನಾದರೂ ತೋರಿಸಿದರೆ, "ಬ್ಯಾಡ್ರಿ, ಅದ ಇರ್ಲಿ" ಅನ್ನುತ್ತಾರೆ. ತಪ್ಪು ಅವರದಲ್ಲ, ಲಗ್ನದ ಗಡಿಬಿಡಿಯಲ್ಲಿ ಯಾರಿಗೆ ಬೇಕು ಪ್ರಯೋಗ? ಆದರೆ ದಿನವಿಡೀ ಇದನ್ನೇ ಕೇಳಿ ಮನೆಗೆ ಬಂದು, ಊಟ ಮುಗಿಸಿ ಕಾರ್ಡು ತೆಗೆದರೆ ಅದೂ ಇದನ್ನೇ ಹೇಳಬೇಕಾ? ಇದರಂಗ ಮಾಡು!

ಈ ಥರದ ಚಿತ್ರ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಹೆಚ್ಚು ಹೆಸರಾದದ್ದು ಝೆಂಟ್ಯಾಂಗಲ್. ಅಮೆರಿಕದ ಮ್ಯಾಸಚೂಸೆಟ್ಸ್‌ನ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ಶುರು ಮಾಡಿದ ಪದ್ಧತಿ. ಮರಿಯಾ ಅಕ್ಷರ ಬರೆಯುವ ಕಲಾವಿದೆ, ರಿಕ್ ಹಿಂದೆ ಸನ್ಯಾಸಿಯಾಗಿ ಬದುಕಿದ್ದವರು. ಮೂರೂವರೆ ಇಂಚಿನ ಚೌಕ ಕಾಗದ, ಅದಕ್ಕೆ ಟೈಲ್ ಅನ್ನುತ್ತಾರೆ. ನಾಲ್ಕು ಮೂಲೆಗೆ ಪೆನ್ಸಿಲ್ ಚುಕ್ಕಿ, ಚುಕ್ಕಿ ಸೇರಿಸಿ ಅಂಚು, ಒಳಗೆ ಸುಮ್ನೆ ಒಂದು ತಿರುವು ಮುರುವು ಗೆರೆ. ಆ ಗೆರೆಯಿಂದ ಆದ ಕೋಣೆಗಳಲ್ಲಿ ಒಂದೊಂದು ಪ್ಯಾಟರ್ನನ್ನು ಪೆನ್ನಿನಿಂದ ತುಂಬುವುದು. ಕೊನೆಗೆ ಪೆನ್ಸಿಲ್ಲಿನಲ್ಲಿ ನೆರಳು. ರಬ್ಬರ್ ಬಳಸುವ ಹಾಗಿಲ್ಲ. ಎಲ್ಲಿಂದ ಶುರುವಾಗಿ ಹೇಗೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರಬಾರದು, ಒಂದೊಂದೇ ಗೆರೆ ಎಳೆಯುತ್ತ ಹೋಗಬೇಕು ಅನ್ನುವುದೇ ಇದರ ತಿರುಳು. ಹೀಗಿರುವಾಗ ಮುಗಿದ ಚಿತ್ರವನ್ನು ಮೊದಲೇ ಕಣ್ಣಿಗೆ ಹಿಡಿಯುವುದು ಯಾವ ನ್ಯಾಯ? ನನ್ನ ಡಬ್ಬಿ ಅವರದಲ್ಲ, ಅದೇ ದಾರಿಯಲ್ಲಿ ಬೇರೆ ಯಾರೋ ಮಾಡಿದ್ದು. ಕಾರ್ಡು ಎಷ್ಟು, ದಪ್ಪ ಎಷ್ಟು ಎಂಬುದೆಲ್ಲ ಮಾರುವ ಪುಟದಲ್ಲಿದೆ, ನೋಡಿಕೊಳ್ಳಿ.

ರಬ್ಬರ್ ಇಲ್ಲ ಅನ್ನುವ ನಿಯಮ ಮಾತ್ರ ನನಗೆ ಬಹಳ ಹಿಡಿಸಿತು. ಕಂಪ್ಯೂಟರಿನಲ್ಲಿ ಮಾಡಿದ್ದನ್ನು ರದ್ದು ಮಾಡಲು ದಿನಕ್ಕೆ ಎಷ್ಟು ಸಲ ಕಂಟ್ರೋಲ್ ಝಡ್ ಒತ್ತುತ್ತೇನೋ ದೇವರಿಗೇ ಗೊತ್ತು. ಇಲ್ಲಿ ಗೆರೆ ಸೊಟ್ಟ ಬಿತ್ತಾ, ಬಿತ್ತು. ಮುಂದಿನ ಗೆರೆ ಅದರ ಪಕ್ಕಕ್ಕೇ ಹೋಗಬೇಕು.

ಈಗ ಕಾಗದದ ವಿಷಯ. ಇದರಲ್ಲಿ ನನಗೆ ಒಂದು ಅನುಕೂಲ ಇದೆ ಅಂತ ಒಪ್ಪಿಕೊಳ್ಳಬೇಕು. ಡಬ್ಬಿಯ ಜೊತೆ ಬರುವ ಟೈಲ್‌ಗಳು ಬೇಗ ಖಾಲಿಯಾಗುತ್ತವೆ, ಬೇರೆ ತರಿಸಿದರೆ ದುಬಾರಿ. ನನಗೆ ಆ ಚಿಂತೆ ಇಲ್ಲ. ಪ್ರೆಸ್ಸಿನಲ್ಲಿ ಪತ್ರಿಕೆ ಕಟಿಂಗ್ ಮಾಡಿದ ಮೇಲೆ ಉಳಿಯುವ ಪಟ್ಟಿಗಳು ರದ್ದಿಗೆ ಹೋಗುತ್ತವೆ. ವಾರಕ್ಕೊಮ್ಮೆ ಅವುಗಳಲ್ಲಿ ಅಗಲ ಇರುವ ಪಟ್ಟಿಗಳನ್ನು ಆರಿಸಿ ತೆಗೆದಿಡುತ್ತೇನೆ. ಸಂಜೆ ಕೆಲಸ ಮುಗಿದ ಮೇಲೆ ಕಟಿಂಗ್ ಮಶೀನಿನವರು ಒಂದೇ ಏಟಿಗೆ ಮೂರೂವರೆ ಇಂಚಿಗೆ ಕತ್ತರಿಸಿ ಕೊಡುತ್ತಾರೆ. ಒಂದು ಕಪ್ ಚಹಾದ ಖರ್ಚು. ಆ ಕಟ್ಟನ್ನು ಕೈಯಲ್ಲಿ ಹಿಡಿದು, ಅಂಚನ್ನು ಟೇಬಲ್ಲಿಗೆ ತಟ್ಟಿ ಸಮ ಮಾಡುವುದು ನನ್ನ ವಾರದ ಸಣ್ಣ ಸುಖ.

ಒಂದು ಎಚ್ಚರಿಕೆ. ಹೊಳೆಯುವ ಆರ್ಟ್ ಕಾರ್ಡ್ ಬೇಡ. ಅದರ ಮೇಲಿನ ಲೇಪ ಇಂಕು ಕುಡಿಯುವುದಿಲ್ಲ. ಬಿಡಿಸುತ್ತ ಹೋದ ಹಾಗೆ ಅಂಗೈ ಅಂಚು ತಾಗಿ ಎಲ್ಲ ಮಸಿ. ಲೇಪ ಇಲ್ಲದ, ಮುಟ್ಟಿದರೆ ಸ್ವಲ್ಪ ಒರಟು ಅನಿಸುವ ಬೋರ್ಡು ಬೇಕು. 250 ಜಿಎಸ್‌ಎಮ್ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಆಸುಪಾಸು ಇದ್ದರೆ ಸಾಕು. ಕೆನೆ ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಪೆನ್ಸಿಲ್ ನೆರಳು ಅದರ ಮೇಲೆ ಚೆಂದ ಕೂರುತ್ತದೆ. ಪ್ರೆಸ್ಸಿನ ನಂಟಿಲ್ಲದವರು ಯಾವುದೇ ಪ್ರಿಂಟಿಂಗ್ ಅಂಗಡಿಯಲ್ಲಿ ಕೇಳಿ ನೋಡಿ, ತೂಕದ ಲೆಕ್ಕಕ್ಕೆ ಕೊಟ್ಟಾರು.

ಪೆನ್ನು ಸಕುರಾ ಪಿಗ್ಮಾ ಮೈಕ್ರಾನ್ 01, ಅಂದರೆ ಕಾಲು ಮಿಲಿಮೀಟರ್ ಗೆರೆ. ಇಂಕು ನೀರು ಬಿದ್ದರೂ ಹರಡುವುದಿಲ್ಲ. ಆದರೆ ತುದಿ ಬಹಳ ನಾಜೂಕು. ನನ್ನ ಹಾಗೆ ಒತ್ತಿ ಬರೆಯುವ ಕೈಯವರು ಇಂಕು ಮುಗಿಯುವ ಮೊದಲೇ ತುದಿ ಕೂರಿಸಿಬಿಡುತ್ತಾರೆ. ಹಾಗಾಗಿ ಅಂಚಿನ ಗೆರೆ, ಕಪ್ಪು ತುಂಬುವ ಕೆಲಸ ಎಲ್ಲ ಹತ್ತು ರೂಪಾಯಿಯ ಜೆಲ್ ಪೆನ್ನಿಗೆ. ಮೈಕ್ರಾನ್ ನಾಜೂಕು ಗೆರೆಗೆ ಮಾತ್ರ. ನೆರಳು ಒರೆಸಲು ಕಾಗದದ ಕಡ್ಡಿ ಬೇರೆ ಮಾರುತ್ತಾರೆ, ತಗೋಬೇಡಿ. ನ್ಯೂಸ್‌ಪ್ರಿಂಟ್ ತುಂಡನ್ನು ಬಿಗಿಯಾಗಿ ಸುರುಳಿ ಸುತ್ತಿದರೆ ಅದೇ ಆಯಿತು.

ಸರಿ, ಆ ಚಿತ್ರದ ಕಿರಿಕಿರಿಗೆ ಏನು ಮಾಡಿದೆ? ಉಪಾಯ ಸಿಂಪಲ್. ಹಳೆ ಲಗ್ನಪತ್ರಿಕೆಯನ್ನು ಕಾರ್ಡಿನ ಅಳತೆಗೆ ಕತ್ತರಿಸಿ, ಮುಂಬದಿಗೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿಬಿಟ್ಟೆ. ಇಡೀ ಡಬ್ಬಿಗೆ. ಈಗ ಕಣ್ಣಿಗೆ ಬೀಳುವುದು ಹಿಂಬದಿಯ ಹಂತ ಮಾತ್ರ. ಅದರಲ್ಲೂ ಮೊದಲ ಎರಡು ಹಂತ ನೋಡುತ್ತೇನೆ, ಉಳಿದದ್ದಕ್ಕೆ ಹೆಬ್ಬೆರಳು ಅಡ್ಡ. ಇಷ್ಟೇ ಬದಲಾವಣೆಗೆ ಡಬ್ಬಿ ಬೇರೆಯೇ ಆಯಿತು. ಅಲ್ಲಿಯವರೆಗೆ ಅದನ್ನು ವಾಪಸ್ ಕಳಿಸಬೇಕಿತ್ತು ಅಂತ ಬೈದುಕೊಳ್ಳುತ್ತಿದ್ದವನು, ಈಗ ರಾತ್ರಿ ಟಿವಿ ಬಂದಾದ ಮೇಲೆ ಅದಕ್ಕೇ ಕಾಯುತ್ತೇನೆ.

ಉದಾಹರಣೆಗೆ ಕೇಡೆಂಟ್ ಅನ್ನುವ ಪ್ಯಾಟರ್ನ್ ತಗೊಳ್ಳಿ. ಸಣ್ಣ ಸಣ್ಣ ಸೊನ್ನೆಗಳನ್ನು ಸಾಲಾಗಿ ಇಡುವುದು ಮೊದಲ ಹಂತ. ಒಂದು ಸೊನ್ನೆಯ ತಲೆಯಿಂದ ಪಕ್ಕದ ಸೊನ್ನೆಯ ಬುಡಕ್ಕೆ ಎಸ್ ಆಕಾರದ ಬಾಗು ಗೆರೆ ಎಳೆಯುವುದು ಎರಡನೆಯದು. ಆಮೇಲೆ ಅದನ್ನೇ ಮೇಲಿಂದ ಕೆಳಗೆ. ಸೊನ್ನೆಗಳ ಸಾಲು ಹಾಕುತ್ತಿದ್ದಾಗ ಮಗಳು ಬಗ್ಗಿ ನೋಡಿ, "ಅಪ್ಪಾ, ಇದು ಚುಕ್ಕಿ ರಂಗೋಲಿ ಅಲ್ಲಾ?" ಅಂದಳು. ಹೌದಲ್ವಾ! ಅಂದಿನಿಂದ ನಾನು ಆ ತಿರುವು ಮುರುವು ಪೆನ್ಸಿಲ್ ಗೆರೆಯನ್ನೇ ಬಿಟ್ಟೆ. ಅದರ ಬದಲು ಚುಕ್ಕಿ ಇಡುತ್ತೇನೆ. ಏಳು ಸಾಲು, ಏಳು ಚುಕ್ಕಿ. ಚುಕ್ಕಿ ಇಟ್ಟರೆ ಕೈಗೆ ಒಂದು ಲೆಕ್ಕ ಸಿಗುತ್ತದೆ, ತಲೆಯಲ್ಲಿ ಓಡುವ ಬೇರೆ ಲೆಕ್ಕ ನಿಲ್ಲುತ್ತದೆ.

ಅದರ ಮುಂದಿನದ್ದು ಅವ್ವನಿಂದ ಬಂತು. ಅವ್ವನ ತವರು ಧಾರವಾಡ, ಕಸೂತಿ ಹಾಕುತ್ತಿದ್ದವಳು. ಈಗ ಕಣ್ಣು ಮಂಜು, ಸೂಜಿ ಹಿಡಿಯುವುದಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಇಳಕಲ್ ಸೀರೆಯ ಎಳೆ ಎಣಿಸಿಕೊಂಡೇ ಗೋಪುರ, ತುಳಸಿ ಕಟ್ಟೆ, ಆನೆ ಅಂಬಾರಿ ಎಲ್ಲ ಮೂಡಬೇಕು. ಗವಂತಿ ಹೊಲಿಗೆ ಹೇಗೆ ಅಂದರೆ, ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಟ್ಟು ಹೋಗುವುದು. ತುದಿ ಮುಟ್ಟಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು.

ಇದನ್ನೇ ಪೆನ್ನಿನಲ್ಲಿ ಮಾಡಿ ನೋಡಿದೆ. ಕೇಡೆಂಟಿನ ಬಾಗು ಗೆರೆಯನ್ನು ಮುರಿದು ಮೆಟ್ಟಿಲು ಮಾಡಿದೆ, ಕಸೂತಿಯ ಮುರ್ಗಿ ಹೊಲಿಗೆಯಂತೆ. ಎಡದಿಂದ ಬಲಕ್ಕೆ ಹೋಗುವಾಗ ಒಂದು ತುಂಡು ಎಳೆದು ಒಂದು ಬಿಟ್ಟೆ. ಬಲದಿಂದ ಎಡಕ್ಕೆ ಬರುವಾಗ ಬಿಟ್ಟದ್ದನ್ನು ತುಂಬಿದೆ. ಹೋಗುವ ದಾರಿಯಲ್ಲಿ ಕಾಗದದ ಮೇಲೆ ಕಾಣುವುದು ಬರೀ ತುಂಡು ಗೆರೆಗಳು. ಅದು ಏನಾಗುತ್ತದೆ ಅಂತ ನೋಡಿದವರಿಗೆ ತಿಳಿಯುವುದಿಲ್ಲ, ಬಿಡಿಸುವ ನನಗೂ ತಿಳಿಯುವುದಿಲ್ಲ. ಹೋಲಿಸಲು ಏನೂ ಇಲ್ಲದಿದ್ದಾಗ ಕಣ್ಣು ಕಾರ್ಡಿನ ಕಡೆ ಓಡುವುದಿಲ್ಲ. ಬರುವ ದಾರಿಯಲ್ಲಿ ಒಂದೊಂದೇ ಕಿಂಡಿ ಮುಚ್ಚುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಆಕಾರ ಏಳುತ್ತದೆ. ಈ ಡಬ್ಬಿ ಕೊಟ್ಟ ಅತಿ ದೊಡ್ಡ ಖುಷಿ ಇದು, ಆದರೆ ಡಬ್ಬಿಯಲ್ಲಿ ಎಲ್ಲೂ ಬರೆದಿಲ್ಲ. ಅವ್ವನಿಗೆ ತೋರಿಸಿದೆ. ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಪೆನ್ನಿಲೆ ಗವಂತಿ ಹಾಕೀಯಲ್ಲೋ" ಅಂದಳು. ಆಮೇಲೆ ಕಾಗದ ತಿರುಗಿಸಿ ನೋಡಿ, "ಹಿಂದ ಏನೂ ಇಲ್ಲಲ್ಲ" ಅಂತ ನಕ್ಕಳು.

ಎಲ್ಲ ಪ್ಯಾಟರ್ನಿಗೂ ಇದು ಒಗ್ಗುವುದಿಲ್ಲ. ಟಿಪ್ಪಲ್ ಅಂತ ಒಂದಿದೆ, ದೊಡ್ಡ ಸಣ್ಣ ಸೊನ್ನೆಗಳನ್ನು ಒತ್ತೊತ್ತಾಗಿ ತುಂಬುವುದು. ಅದಕ್ಕೆ ಗವಂತಿ ಗಿವಂತಿ ಏನೂ ಬೇಡ, ಹಾಗೇ ಚೆನ್ನ. ಪ್ಯಾರಡಾಕ್ಸ್ ಅನ್ನೂ ಮುಟ್ಟಲಿಲ್ಲ. ಚೌಕದ ಒಂದು ಮೂಲೆಯಿಂದ ಹೊರಟು ಮುಂದಿನ ಮೂಲೆಗೆ ಸ್ವಲ್ಪ ಒಳಗೆ ಮುಟ್ಟುವ ನೇರ ಗೆರೆ, ಅಲ್ಲಿಂದ ಅದರ ಮುಂದಿನ ಮೂಲೆಗೆ ಇನ್ನೊಂದು. ಹೀಗೆ ಸುತ್ತುತ್ತ ಹೋದರೆ, ಎಳೆದದ್ದೆಲ್ಲ ನೇರ ಗೆರೆಯೇ ಆದರೂ ನಡುವೆ ಸುಳಿ ಕಾಣುತ್ತದೆ. ಕಪ್ಪತಗುಡ್ಡದ ಕಡೆ ಗಾಳಿಯಂತ್ರದ ರೆಕ್ಕೆ ತಿರುಗುವುದು ನೋಡಿದವರಿಗೆ ಇದು ತಕ್ಷಣ ಇಷ್ಟವಾದೀತು.

ಡಬ್ಬಿಯಲ್ಲಿ ವಿಷಯದ ಕಾರ್ಡುಗಳು ಅಂತ ಬೇರೆ ಒಂದು ಕಟ್ಟು ಇದೆ. ಮೊದಲ ಹಿಮ, ಮೇಪಲ್ ಎಲೆ, ಬೆಂಕಿಗೂಡಿನ ಸಂಜೆ. ಗದಗಿನ ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೂತವನಿಗೆ ಮೊದಲ ಹಿಮವಂತೆ! ಈ ಕಟ್ಟಿಗೆ ಸಿಟ್ಟು ಮಾಡುವಷ್ಟು ಬೆಲೆ ಇಲ್ಲ. ಕಾರ್ಡಿನ ಮೇಲೆಯೇ ಹೊಡೆದು ಹಾಕಿ ನನ್ನದನ್ನು ಬರೆದುಕೊಂಡೆ. ಸಮುದ್ರದ ಅಲೆ ಇದ್ದಲ್ಲಿ ಎರೆಹೊಲದ ಸಾಲು. ಹಿಮ ಇದ್ದಲ್ಲಿ ಒಣಗಿ ಬಿರಿದ ಎರೆಮಣ್ಣು, ಅದರ ಬಿರುಕಿನಷ್ಟು ಒಳ್ಳೆಯ ಪ್ಯಾಟರ್ನ್ ಬೇರೆ ಇಲ್ಲ. ಕಿಟಕಿ ಅಂತ ಇದ್ದ ಕಾರ್ಡಿಗೆ ಲಕ್ಕುಂಡಿ.

ಲಕ್ಕುಂಡಿ ನಮಗೆ ಹತ್ತಿರ, 12 ಕಿ.ಮೀ. ಆಸುಪಾಸು. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲ ಚೌಕಟ್ಟು ನೋಡಿ. ಪಟ್ಟಿಯ ಪಕ್ಕ ಪಟ್ಟಿ, ಪ್ರತಿ ಪಟ್ಟಿಯಲ್ಲಿ ಬೇರೆ ಕೆತ್ತನೆ. ಬಳ್ಳಿಯ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಹಂತಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬಳ್ಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಪ್ರತಿ ತಿರುವಿನ ಹೊಟ್ಟೆಯಲ್ಲಿ ಒಂದು ಸುರುಳಿ. ಉಳಿದ ಮೂಲೆಗೆ ಎಲೆ. ನಾನು ಫೋಟೋ ತೆಗೆಯುವುದಿಲ್ಲ, ತೆಗೆದರೆ ಮತ್ತೆ ನಕಲಿನ ರೋಗ. ಹಂತವನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತೇನೆ, ಅಷ್ಟೇ. ಹೀಗೆ ನನ್ನದೇ ಒಂದು ಸಣ್ಣ ಕಟ್ಟು ಆಗಿದೆ, ಅದರಲ್ಲಿ ಮುಗಿದ ಚಿತ್ರ ಒಂದೂ ಇಲ್ಲ.

ಕಂಪನಿಗೆ ಒಂದು ಮೇಲ್ ಹಾಕಿದ್ದೆ. ಮುಗಿದ ಚಿತ್ರಗಳನ್ನು ಬೇರೆ ಪುಸ್ತಿಕೆ ಮಾಡಿ, ಹಂತಗಳನ್ನು ಮುಂಬದಿಗೆ ದೊಡ್ಡದಾಗಿ ಹಾಕಿ, ಅಚ್ಚಿನ ಖರ್ಚು ಏನೂ ಜಾಸ್ತಿ ಆಗುವುದಿಲ್ಲ, ಅಚ್ಚಿನ ಊರಿನವನಾಗಿ ಹೇಳುತ್ತಿದ್ದೇನೆ ಅಂತ. ಥ್ಯಾಂಕ್ಸ್ ಅಂತ ಉತ್ತರ ಬಂತು. ಜೊತೆಗೆ ಎರಡನೇ ಡಬ್ಬಿಗೆ ಡಿಸ್ಕೌಂಟ್ ಕೋಡ್. ಅದರ ಮುಂಬದಿಯೂ ಹಾಗೇ ಇದೆ, ನೋಡಿದೆ.

ಕೊಳ್ಳಬೇಕಾ? ನೋಡಿ ಬಿಡಿಸುವುದೇ ನಿಮಗೆ ಖುಷಿ ಅಂತಾದರೆ ಧೈರ್ಯವಾಗಿ ಕೊಳ್ಳಿ. ಅಚ್ಚು ಚೆನ್ನಾಗಿದೆ, ಬಣ್ಣ ಒಂದಿಷ್ಟೂ ಸರಿದಿಲ್ಲ, ಮೂಲೆ ಇನ್ನೂ ಮೊಂಡಾಗಿಲ್ಲ. ಸಾವಿರ ರೂಪಾಯಿ ಕೊಡುವ ಮೊದಲು ಯೋಚನೆ ಮಾಡುವವರಾದರೆ, ಕಸೂತಿಯೋ ರಂಗೋಲಿಯೋ ಬಲ್ಲವರು ಮನೆಯಲ್ಲಿ ಇದ್ದರೆ, ಒಂದು ಪೆನ್ನು ತಂದು ಮೊದಲು ಅವರ ಪಕ್ಕ ಕೂತು ನೋಡಿ. ಡಬ್ಬಿ ಎಲ್ಲೂ ಹೋಗುವುದಿಲ್ಲ, ಆಫರ್ ಬರುತ್ತಲೇ ಇರುತ್ತದೆ. ನಾನು ಕೊಡುವುದು ಮೂರು ಸ್ಟಾರ್. ಮಗಳು ನಾಲ್ಕು ಕೊಡು ಅಂದಳು. ಅವಳಿಗೆ ಮುಂಬದಿಯ ಚಿತ್ರಗಳೇ ಇಷ್ಟ.