ಡ್ರಿಪ್ಪಾ, ಪೈಪಾ, ಮಡಕೆನಾ? ಒಂದು ಬೇಸಿಗೆಯ ಲೆಕ್ಕ

ಬೇಸಿಗೆಯಲ್ಲಿ ಹಿತ್ತಲ ಗಿಡಗಳಿಗೆ ನೀರು ಹಾಕುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮಣ್ಣಿನ ಮಡಕೆಗೆ. ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವ, 1,400 ರೂಪಾಯಿ ಕೊಟ್ಟು ತಂದ ಡ್ರಿಪ್ ಕಿಟ್ ಎರಡೇ ತಿಂಗಳಲ್ಲಿ ಮೂಲೆ ಸೇರಿತು.

ಕೋಲಾರದಲ್ಲಿ ನಮ್ಮದೊಂದು ಪುಟ್ಟ ಹಿತ್ತಲು. ಎಂಟು ಬದನೆ, ಆರು ಟೊಮೇಟೊ, ಒಂದು ಹೀರೆ ಬಳ್ಳಿ, ಒಂದು ಕರಿಬೇವು. ನೀರು ಬೋರ್‌ವೆಲ್‌ದು. ವರ್ಷಪೂರ್ತಿ ಹರಿಯುವ ಹೊಳೆಯೇ ಇಲ್ಲದ ಜಿಲ್ಲೆ ನಮ್ಮದು, ಏಪ್ರಿಲ್ ಬಂತೆಂದರೆ ಬಕೆಟ್ ಲೆಕ್ಕ ಶುರು.

ಪೈಪ್ ಹಿಡಿದು ಸಂಜೆ ನಿಲ್ಲುವುದು ಮಜಾ, ಸುಳ್ಳು ಹೇಳಲ್ಲ. ಆದರೆ ಅರ್ಧ ನೀರು ಕಳೆಗೇ ಹೋಗುತ್ತದೆ.

ಡ್ರಿಪ್ ಕತೆ ಬೇರೆ. ಟೊಮೇಟೊ ಬೆಳೆಯುವ ಊರಲ್ಲಿ ಡ್ರಿಪ್ ಬೈದರೆ ರೈತರು ನಗುತ್ತಾರೆ, ಗೊತ್ತು. ನಾನೂ ಹೊಲಗಳಲ್ಲಿ ನೋಡಿಯೇ ಆಸೆಪಟ್ಟು ತಂದದ್ದು. ಮೊದಲ ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ಕೊನೆಯ ಬದನೆ ಬಾಡಿತು. ಪೈಪಿನಿಂದ ಹನಿ ಬಿಡುವ ಪುಟ್ಟ ಡ್ರಿಪ್ಪರ್ ಬಿಚ್ಚಿ ಬೆಳಕಿಗೆ ಹಿಡಿದೆ. ತೂತಿನ ಬಾಯಲ್ಲಿ ರವೆಯಷ್ಟು ಬಿಳಿ ಹರಳು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಸುಣ್ಣ. ಫಿಲ್ಟರ್ ಹಾಕಿದ್ದೆ. ಅದು ಮರಳನ್ನು ಹಿಡಿಯುತ್ತದೆ, ನೀರಲ್ಲಿ ಕರಗಿದ ಸುಣ್ಣವನ್ನಲ್ಲ. ತೂತಿನ ತುದಿಯಲ್ಲಿ ಹನಿ ಒಣಗಿದಾಗಲೆಲ್ಲ ಒಂದಿಷ್ಟು ಸುಣ್ಣ ಅಲ್ಲೇ ಉಳಿಯುತ್ತದೆ. ಹೊಲದಲ್ಲಾದರೆ ಪೈಪಿನೊಳಗೆ ಆಸಿಡ್ ಬಿಟ್ಟು ತೊಳೆಯುತ್ತಾರೆ. ಮಕ್ಕಳು ಓಡಾಡುವ ಹಿತ್ತಲಲ್ಲಿ ನನಗೆ ಧೈರ್ಯ ಬರಲಿಲ್ಲ.

ಹಾಗಾಗಿ ಪ್ರತಿ ಭಾನುವಾರ ಡ್ರಿಪ್ಪರ್‌ಗಳನ್ನು ನಿಂಬೆರಸದಲ್ಲಿ ನೆನೆಸುವುದು, ಪಿನ್ನಿನಿಂದ ಚುಚ್ಚುವುದು. ಒಮ್ಮೆ ಅಮ್ಮ ಬಂದು ನೋಡಿ, "ಏನೋ ಇದು, ಗಿಡಕ್ಕೆ ನೀರು ಹಾಕ್ತಿದ್ದೀಯೋ, ಹಲ್ಲು ಕೀಳ್ತಿದ್ದೀಯೋ?" ಎಂದರು.

ಇನ್ನೊಂದು ತೊಂದರೆ ಒತ್ತಡದ್ದು. ಸಾಮಾನ್ಯ ಡ್ರಿಪ್ಪರ್‌ಗೆ ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿನಷ್ಟು ಒತ್ತಡ ಬೇಕು. ನಮ್ಮ ಟ್ಯಾಂಕು ಒಂದೇ ಅಂತಸ್ತಿನ ಮೇಲಿದೆ.

ಮಡಕೆ ಅಮ್ಮನ ಐಡಿಯಾ. ಎರಡು ಗಿಡಗಳ ನಡುವೆ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿಗೆ ತೆಂಗಿನ ಚಿಪ್ಪು ಮುಚ್ಚುವುದು. ಅಷ್ಟೇ. ಮುಚ್ಚದಿದ್ದರೆ ಸೊಳ್ಳೆ ಮರಿ ಗ್ಯಾರಂಟಿ. ಮಣ್ಣು ಒಣಗಿದಷ್ಟೂ ನೀರು ಒಸರುತ್ತದೆ, ಮಳೆ ಬಂದರೆ ತಾನೇ ಕಡಿಮೆಯಾಗುತ್ತದೆ. ಐದು ಲೀಟರಿನ ಮಡಕೆಯನ್ನು ಮೂರು ದಿನಕ್ಕೊಮ್ಮೆ ತುಂಬುತ್ತೇನೆ. ಕಿತ್ತು ನೋಡಿದರೆ ಬದನೆಯ ಬೇರು ಮಡಕೆಯನ್ನು ಬಲೆಯ ಹಾಗೆ ತಬ್ಬಿಕೊಂಡಿತ್ತು.

ಕೊಳ್ಳುವಾಗ ನಾನೂ ಮೋಸ ಹೋದೆ. ಮೊದಲು ತಂದ ಎರಡು ಮಡಕೆ ಮಿರಮಿರ ಹೊಳೆಯುತ್ತಿದ್ದವು. ಬಣ್ಣ ಬಳಿದಿದ್ದರು, ಹನಿಯೂ ಒಸರಲಿಲ್ಲ. ನೀರು ತುಂಬಿ ಒಂದೆರಡು ಗಂಟೆ ಇಡಿ, ಹೊರಮೈ ತೇವವಾದರೆ ಮಾತ್ರ ಹೂಳಿ. ಸುಣ್ಣ ಇದಕ್ಕೂ ಕಟ್ಟುತ್ತದೆ, ಆದರೆ ವರ್ಷಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕಿದರೆ ಸಾಕು.

ಮಗಳಿಗೆ ತಂದ ಗಾಳಿ ತುಂಬುವ ಟಬ್ಬೂ ಇದಕ್ಕೇ ಸೇರಿಕೊಂಡಿತು. ಸೋಪು ಬಳಸಬಾರದು ಅನ್ನೋದೊಂದೇ ಕಂಡೀಷನ್. ಆಟ ಮುಗಿದ ಮೇಲೆ ನೀರನ್ನು ಬಟ್ಟೆಯಲ್ಲಿ ಸೋಸಿ ಅವಳೇ ಚೊಂಬಿನಲ್ಲಿ ಮಡಕೆಗೆ ಹುಯ್ಯುತ್ತಾಳೆ.

ಸೊಪ್ಪು ಬಿತ್ತಿದರೆ ಮಡಕೆ ನಂಬಬೇಡಿ, ಬೀಜ ಮೊಳೆಯಲು ಮೇಲ್ಮಣ್ಣು ಒದ್ದೆಯಿರಬೇಕು. ಸಣ್ಣ ಕುಂಡಗಳಲ್ಲೂ ಇದಕ್ಕೆ ಜಾಗವಿಲ್ಲ. ಮಳೆನೀರಿನ ಸಂಪು, ಎತ್ತರದ ಟ್ಯಾಂಕು ಇದ್ದವರಿಗೆ ಡ್ರಿಪ್ಪೇ ಸರಿಯಿರಬಹುದು. ನನಗೆ ಎಂಟು ಮಡಕೆಗೆ 640 ರೂಪಾಯಿ ಆಯಿತು, ಭಾನುವಾರ ನನ್ನ ಪಾಲಿಗೆ ವಾಪಸ್ ಬಂತು.

ಡ್ರಿಪ್ಪಿನ ಪೈಪು ಹಾಳಾಗಲಿಲ್ಲ. ಅಮ್ಮ ಅದನ್ನು ಕತ್ತರಿಸಿ ಹೀರೆ ಬಳ್ಳಿಗೆ ಚಪ್ಪರ ಕಟ್ಟಿದ್ದಾರೆ.