ಕೊಡಗಿನ ಮನೆಗೊಂದು ಕೋವಿ ಕಪಾಟು

ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ, ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ 2029ರವರೆಗೆ ಪರವಾನಗಿಯ ವಿನಾಯಿತಿ ಇರುವ ನಮ್ಮ ಜಿಲ್ಲೆಯಲ್ಲಿ, ಗೋಡೆಯ ಮೊಳೆಗೆ ಕೋವಿ ತೂಗುಹಾಕುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಮನೆಯಲ್ಲಿ ಓಡಾಡುವ ಮಕ್ಕಳಿರುವುದರಿಂದ ನಾವು ಉಕ್ಕಿನ ಕೋವಿ ಕಪಾಟನ್ನು ಕೊಂಡೆವು.

ಜೋಡು ನಳಿಗೆಯ ಕೋವಿ ಬಿಚ್ಚದೆಯೇ ನೆಟ್ಟಗೆ ನಿಲ್ಲುವಷ್ಟು ಎತ್ತರವಿದ್ದು, ತೋಟೆಗಳಿಗೆ ಬೇರೆಯೇ ಬೀಗದ ಪುಟ್ಟ ಖಾನೆ ಇರುವುದು ಇದರ ನಿಜವಾದ ಗುಣ. ಕೋವಿಯೂ ತೋಟೆಯೂ ಒಂದೇ ಬೀಗದ ಹಿಂದಿದ್ದರೆ ಕಪಾಟು ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಹಿಂಬದಿಯ ರಂಧ್ರಗಳ ಮೂಲಕ ಗೋಡೆಗೆ ಬೋಲ್ಟ್ ಬಿಗಿಯಲೇಬೇಕು, ಇಲ್ಲವಾದರೆ ಕಪಾಟನ್ನೇ ಹೊತ್ತೊಯ್ಯಬಹುದು. ಅಂಕಿ ಒತ್ತುವ ಬೀಗವನ್ನು ನಾನು ಆರಿಸಿದ್ದು, ಕೀಲಿಕೈ ಅಡಗಿಸಿಡುವ ಜಾಗವನ್ನು ಮಕ್ಕಳು ದೊಡ್ಡವರಿಗಿಂತ ಮೊದಲೇ ಪತ್ತೆಹಚ್ಚುತ್ತಾರೆಂಬ ಕಾರಣಕ್ಕೆ. ಆದರೆ ಜೊತೆಗೆ ಕೊಡುವ ತುರ್ತು ಕೀಲಿಯನ್ನೂ ಅವರ ಕೈಗೆ ಸಿಗದಂತೆ ಇಡಬೇಕಾಗುತ್ತದೆ.

ಕೊರತೆಯೆಂದರೆ ಒಳಗಿನ ಸ್ಪಂಜಿನ ಹಾಸು: ಮಳೆಗಾಲದ ತೇವವನ್ನು ಹಿಡಿದಿಟ್ಟು ನಳಿಗೆಗೆ ತುಕ್ಕು ತರಿಸುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಆಗಾಗ ಎಣ್ಣೆ ಬಟ್ಟೆಯಿಂದ ಒರೆಸುವ ತಾಳ್ಮೆಯಿದ್ದವರು ಧಾರಾಳವಾಗಿ ಕೊಳ್ಳಬಹುದು.