ಬೋರ್ ಪಾಯಿಂಟ್ ನೋಡಿ ಅಂದರೆ, ಇಡೀ ಊರಿನ ನೀರಿನ ಲೆಕ್ಕ ತೆಗೆದರು

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ. ಟೊಮೆಟೊ, ಬೀನ್ಸ್ ಹಾಕುತ್ತೇವೆ. ಇದ್ದ ಒಂದು ಬೋರು ಮಾರ್ಚ್‌ನಲ್ಲಿ ನಿಂತುಹೋಯಿತು. ಹೊಸದಕ್ಕೆ ಪಾಯಿಂಟ್ ನೋಡಿಸೋಣ ಅಂತ ಅಕ್ಕಪಕ್ಕದ ಐದು ಮನೆಯವರ ಜೊತೆ ಸೇರಿ, ಬೆಂಗಳೂರಿನಿಂದ ಅಂತರ್ಜಲ ಸರ್ವೆ ಮಾಡುವ ಒಂದು ಸಣ್ಣ ತಂಡವನ್ನು ಕರೆಸಿದೆವು. ಬೋರ್ ಕೊರೆಸಲು ಹೊರಟಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಹಿಂದೆ ಎರಡು ಸಲ ತೆಂಗಿನಕಾಯಿ ಹಿಡಿದು ಪಾಯಿಂಟ್ ಇಡುವವರನ್ನು ನಂಬಿದ್ದೆವು. ಎರಡೂ ಫೇಲ್. ಒಂದು 1,200 ಅಡಿ ಹೋದರೂ ಬರೀ ಧೂಳು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ.

ಇವರು ಮೊದಲ ದಿನ ನಮ್ಮ ಹೊಲಕ್ಕೆ ಕಾಲೇ ಇಡಲಿಲ್ಲ. ಸುತ್ತಲಿನ ಬೋರುಗಳನ್ನೆಲ್ಲ ತೋರಿಸಿ ಅಂದರು. ಓಡುತ್ತಿರುವುದು, ಒಣಗಿದ್ದು, ಕಲ್ಲು ಮುಚ್ಚಿದ್ದು, ಎಲ್ಲ ಸೇರಿ 43. ಯಾವ ವರ್ಷ ಕೊರೆಸಿದ್ದು, ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಎಷ್ಟು ಅಡಿ, ನೀರು ಎಲ್ಲಿ ಸಿಕ್ಕಿತು, ಆಗ ಎಷ್ಟು ಇಂಚು ನೀರು ಬರುತ್ತಿತ್ತು, ಈಗ ಎಷ್ಟು ಅಂತ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಕೇಳಿ ಬರೆದುಕೊಂಡರು, ಮೋಟರ್ ಇಲ್ಲದ ಬೋರುಗಳಿಗೆ ಟೇಪ್ ಇಳಿಸಿ ನೀರಿನ ಮಟ್ಟವನ್ನೂ ಅಳೆದರು. ನನಗೆ ತುಂಬಾ ಹಿಡಿಸಿದ್ದು ಇದೇ.

ಮಾರನೆ ದಿನ ಮಷಿನ್ ತಂದರು. ನಾಲ್ಕು ಕಬ್ಬಿಣದ ಗೂಟ ನೆಟ್ಟು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ನೋಡುತ್ತಾರೆ. ಗೂಟ ದೂರ ಸರಿಸಿದಷ್ಟೂ ಆಳದ ವಿಷಯ ತಿಳಿಯುತ್ತದೆ. ಗಟ್ಟಿ ಕಲ್ಲಿನಲ್ಲಿ ಕರೆಂಟ್ ಸುಲಭವಾಗಿ ಹರಿಯುವುದಿಲ್ಲ, ನೀರು ಸೇರಿದ ಬಿರುಕಿನಲ್ಲಿ ಹರಿಯುತ್ತದೆ. ಜೇಡಿ ಮಣ್ಣು ಇದ್ದರೂ ಹಾಗೇ ಕಾಣುತ್ತದೆ, ಆದ್ದರಿಂದ ಮಷಿನ್ ಒಂದನ್ನೇ ನಂಬಬೇಡಿ ಅಂತ ಅವರೇ ಹೇಳಿದರು.

ಕೊನೆಗೆ ನಕ್ಷೆ ಹಾಸಿ ಕೂತಾಗ ಅವರು ಕೊಟ್ಟ ಸಲಹೆ: ಕೊರೆಸಬೇಡಿ. ಹಳೆಯ ಬೋರುಗಳು 250 ಅಡಿಯವು, ಆಮೇಲಿನವು 600, ಈಚಿನವು 1,400. ಆಳ ಹೆಚ್ಚಿದರೂ ಇಂಚು ಕಡಿಮೆ ಆಗುತ್ತಲೇ ಬಂದಿದೆ. ನಮ್ಮ ಕಡೆಯ ಗ್ರಾನೈಟ್, ನೈಸ್ (gneiss ಅನ್ನುವ ಗಟ್ಟಿ ಬಂಡೆ) ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಸವೆದು ಸಡಿಲವಾದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ನಮ್ಮ ಆರೂ ಹೊಲ ಒಂದೇ ಬಿರುಕಿನ ಸಾಲಿನ ಮೇಲಿವೆಯಂತೆ. ನಾನು ಹೊಸದು ಕೊರೆಸಿದರೆ ಪಕ್ಕದ ಮನೆಯ ಚಿಕ್ಕಪ್ಪನ ಬೋರಿನ ನೀರೇ ನನಗೆ ಬರುವುದು. ಇಷ್ಟು ವರ್ಷ ಇದನ್ನು ಯಾರೂ ಹೇಳಿರಲಿಲ್ಲ.

ಕೋಲಾರ ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಸರ್ಕಾರದ ಲೆಕ್ಕದಲ್ಲಿ ಅತಿಬಳಕೆಯ ಪಟ್ಟಿಯಲ್ಲಿವೆ. ಅಂದರೆ ವರ್ಷಕ್ಕೆ ಭೂಮಿಯಿಂದ ತೆಗೆಯಬಹುದಾದ ನೀರಿಗಿಂತ ಜಾಸ್ತಿ ತೆಗೆಯುತ್ತಿದ್ದೇವೆ. ಇಂಥ ಕಡೆ ಹೊಸ ಬೋರಿಗೆ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅನುಮತಿ ಬೇಕು, ಅದನ್ನೂ ಅವರೇ ಮೊದಲು ಹೇಳಿದರು. ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಆದರೆ ನಮ್ಮ ಕೆರೆ ಆ ಸಾಲಿನಲ್ಲಿಲ್ಲ.

ಬದಲಿಗೆ ಅವರು ಬರೆದುಕೊಟ್ಟಿದ್ದು ಮೂರು ಕೆಲಸ. ಮುಚ್ಚಿಹೋದ ಕಾಲುವೆ ಬಿಡಿಸಿ ಮಳೆ ನೀರು ಕೆರೆಗೆ ಹೋಗುವಂತೆ ಮಾಡುವುದು. ಒಣಗಿದ ಎರಡು ಬೋರುಗಳ ಸುತ್ತ ಗುಂಡಿ ತೆಗೆದು, ಕೇಸಿಂಗ್‌ಗೆ ತೂತು ಹೊಡೆದು ಜಾಲರಿ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ ನೀರು ಇಂಗಿಸುವುದು. ಗುಂಡಿಗೆ ಇಳಿಯುವ ಮೊದಲು ನೀರು ತಿಳಿಯಾಗಲು ಒಂದು ತೊಟ್ಟಿ ಇರಲೇಬೇಕು ಅಂತ ಒತ್ತಿ ಹೇಳಿದರು. ಮೂರನೆಯದು, ಆರು ಮನೆಯವರೂ ಸೇರಿ ಡ್ರಿಪ್.

ಬೇಸರ ಆಗಿದ್ದೂ ಇದೆ. ವರದಿ ಪೂರ್ತಿ ಇಂಗ್ಲಿಷ್‌ನಲ್ಲಿತ್ತು, ಅಪ್ಪನಿಗೆ ನಾನೇ ಓದಿ ಹೇಳಬೇಕಾಯಿತು. ಹೇಳಿದ ದಿನಕ್ಕಿಂತ ಎರಡು ವಾರ ತಡ. ನೀರಿನ ಪರೀಕ್ಷೆ ಇದರಲ್ಲಿ ಸೇರಿಲ್ಲ. ಆಳದ ಬೋರುಗಳಲ್ಲಿ ಫ್ಲೋರೈಡ್ ಸಮಸ್ಯೆ ಇರುವ ನಮ್ಮಂಥ ಜಿಲ್ಲೆಯಲ್ಲಿ ಅದು ಸೇರಿರಲೇಬೇಕಿತ್ತು ಅಲ್ವಾ. 25,000 ರೂಪಾಯಿಯನ್ನು ಆರು ಮನೆ ಹಂಚಿಕೊಂಡೆವು. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಕರೆಸುವವರು ಧೈರ್ಯವಾಗಿ ಕರೆಸಿ.

ಒಬ್ಬರೇ ಕರೆಸಬೇಡಿ, ಅಕ್ಕಪಕ್ಕದವರನ್ನೂ ಸೇರಿಸಿಕೊಳ್ಳಿ. ಹಳೆ ಬೋರ್ ಬಿಲ್ಲುಗಳಿದ್ದರೆ ಹುಡುಕಿಡಿ. ನೀರು ತೀರಾ ಕೆಳಗಿಳಿದಿರುವ ಏಪ್ರಿಲ್, ಮೇ ತಿಂಗಳಲ್ಲಿ ಅಳೆಸಿ. ನಮ್ಮಲ್ಲಿಗೆ ಮಳೆಗಾಲ ಕಳೆದ ಮೇಲೆ ನವೆಂಬರ್‌ನಲ್ಲಿ ಮತ್ತೆ ಟೇಪ್ ಇಳಿಸಲು ಬರುತ್ತಾರೆ. ಒಂದು ಗುಂಡಿ ಮುಗಿದಿದೆ, ಇನ್ನೊಂದಕ್ಕೆ ಜಲ್ಲಿ ಬರಬೇಕು.